‘ತಿದ್ದು’ ಎಂಬ ಮಾತಿನ ಅರ್ಥವ್ಯಾಪ್ತಿ

 

ಅಲ್ಪಾಕ್ಷರಗಳಿಂದ ಬಹ್ವರ್ಥವನ್ನು ಕೊಡುವ ಧಾತುಗಳು ಕನ್ನಡದಲ್ಲಿ ಹಲವುಂಟು. ‘ತಿದ್ದು’ ಎಂಬುದು ಅವುಗಳಲ್ಲೊಂದು. ಹಳಗನ್ನಡದಲ್ಲಿ ಇದರ ರೂಪ ‘ತಿರ್ದು’. ‘ಇರ್ದಂ’ ಎಂಬುದು ‘ಇದ್ದನು’ ಎಂದಾದಂತೆ, ಇಲ್ಲಿಯೂ ರೇಫವು ಲೋಪವಾಗಿ ದಕಾರವು ಇಮ್ಮಡಿಸಿ ಈಗಿನ ರೂಪವುಂಟಾಯಿತು. ತಮಿಳಿನ ‘ತಿರುತ್ತು’, ತೆಲುಗಿನ ‘ದಿದ್ದು’ ಎಂಬುವು ಇದರ ಒಡಹುಟ್ಟುಗಳು. ಇದ್ದ ವಸ್ತುವನ್ನು ನಾಶಮಾಡದೆ ಅದಕ್ಕೆ ಸಲ್ಲತಕ್ಕ ಆಕಾರವನ್ನು ಕೊಡುವುದೇ ಈ ಮಾತಿನ ತಿರುಳು. ಮುರಿದು ಕಟ್ಟುವುದು ಬೇರೆ, ತಿದ್ದುವುದು ಬೇರೆ.

ಇದರ ಪ್ರಯೋಗಗಳಾದರೋ ಅನೇಕ. ಗೃಹಿಣಿಯು ಹಣೆಯ ಕುಂಕುಮವನ್ನು ತಿದ್ದಿಕೊಳ್ಳುವಳು. ಉಪಾಧ್ಯಾಯನು ಬಾಲಕರ ಬರಹವನ್ನು ತಿದ್ದುವನು. ಮುದ್ರಣಾಲಯದಲ್ಲಿ ಕರಡಚ್ಚನ್ನು ತಿದ್ದುವರು. ಹಿರಿಯರು ಕಿರಿಯರ ನಡತೆಯನ್ನು ತಿದ್ದುವರು. ಆದರೆ ಲೆಕ್ಕದ ಪುಸ್ತಕದಲ್ಲಿ ಒಂದರ ಅಂಕಿಯನ್ನು ಏಳು ಮಾಡಿದವನನ್ನು ಕುರಿತೂ ‘ಲೆಕ್ಕ ತಿದ್ದಿದ’ ಎಂದೇ ಜನರು ಹೇಳುವರು. ಒಂದೇ ಮಾತು ಉಪಕಾರಕ್ಕೂ ವಂಚನೆಗೂ ಸಲ್ಲುತ್ತಿರುವುದು ವಿಚಾರಾರ್ಹ. ಉಪಾಧ್ಯಾಯನು ವ್ಯಾಕರಣವೆಂಬ ಕಟ್ಟಳೆಗೆ ತಾನೂ ಒಳಗಾಗಿ ತಿದ್ದುತ್ತಾನೆ. ವಂಚಕನಿಗೆ ತನ್ನ ಲಾಭವೊಂದೇ ಕಟ್ಟಳೆ. ಭೇದವಿರುವುದು ಇಲ್ಲಿಯೇ.

ಹಿಂದಣ ಕೂಲಿಮಠಗಳಲ್ಲಿ ಅಯ್ಯನವರು ಮರಳಿನ ಮೇಲೆ ಅಕ್ಷರವನ್ನು ಬರೆದು, ಮಗುವಿನ ಬೆರಳನ್ನು ಹಿಡಿದು, ಅದರ ಮೇಲೆಯೇ ಪುನಃ ಪುನಃ ಎಳೆಯಿಸುತ್ತಿದ್ದರು. ಇದಕ್ಕೂ ‘ಅಕ್ಷರ ತಿದ್ದುವುದು’ ಎಂದೇ ಹೆಸರು. ಗುರುವು ಬರೆದ ಅಕ್ಷರದಲ್ಲಿ ದೋಷವೆಲ್ಲಿಯದು? ಅಲ್ಲಿ ನಿಜವಾಗಿ ತಿದ್ದಲ್ಪಡುವುದು ಮಗುವಿನ ಕೈ. ಹೀಗೆ ತಿದ್ದುವವನೇ ತಿದ್ದಿಸಿಕೊಳ್ಳುವವನೂ ಆಗುವನೆಂಬ ಅರ್ಥವು ಈ ಪ್ರಯೋಗದಲ್ಲಿ ಅಡಗಿದೆ.

ಹೊಂಗನೂರಿನವರಿಗೆ ಇನ್ನೊಂದು ದೃಷ್ಟಾಂತವು ಸಮೀಪದ ಚನ್ನಪಟ್ಟಣದಲ್ಲಿಯೇ ಉಂಟು. ಅಲ್ಲಿನ ಬೊಂಬೆ ಕೆಲಸದವರು ಹಾಲೆಮರದ ತುಂಡನ್ನು ಹದವಾಗಿ ಒಣಗಿಸಿ, ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ಕಡೆಯುವರು. ಬಳಿಕ ಬಣ್ಣದ ಅರಗನ್ನು ಅದಕ್ಕೆ ಒತ್ತಿಹಿಡಿಯಲು, ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರವನ್ನು ಹತ್ತಿಕೊಳ್ಳುವುದು. ಉಳಿಯು ಹೆಚ್ಚಾದುದನ್ನು ತೆಗೆಯಬಲ್ಲುದೇ ಹೊರತು, ತೆಗೆದುದನ್ನು ಮರಳಿ ಕೂಡಿಸಲಾರದು. ಹಸಿಮರವನ್ನು ಕಡೆದರೆ ಅದು ಆಮೇಲೆ ಒಣಗಿ ಸೀಳುವುದು. ಆದುದರಿಂದ ಕುಶಲನಾದವನು ಮರದ ಹದವನ್ನರಿಯದೆ ಉಳಿಯನ್ನು ಎತ್ತಿಕೊಳ್ಳನು.

ಮರಕ್ಕೆ ಸಲ್ಲುವ ಈ ನ್ಯಾಯವು ರಾಜ್ಯದ ಶಾಸನಕ್ಕೂ ಸಲ್ಲುವುದು. ಕಾಸರಗೋಡಿನ ಸಮೀಪದ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 13 ಮಂದಿ ನ್ಯಾಯಮೂರ್ತಿಗಳು 68 ದಿನಗಳ ಕಾಲ ವಾದವನ್ನು ಕೇಳಿ, 1973ನೆಯ ಏಪ್ರಿಲ್ 24ರಂದು ತೀರ್ಪಿತ್ತರು. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡಿಸಲಾಗದು ಎಂಬುದು 7 ಮಂದಿಯ ಬಹುಮತದ ನಿರ್ಣಯ. ಸ್ವಾಮಿಗಳು ಬಯಸಿದ ಪರಿಹಾರವು ದೊರೆಯದಿದ್ದರೂ, ‘ತಿದ್ದುಪಡಿ’ ಎಂಬ ಮಾತಿಗೆ ಎಲ್ಲೆಯುಂಟೆಂಬುದು ಅವರ ಹೆಸರಿನ ಆ ಮೊಕದ್ದಮೆಯಿಂದ ದೇಶಕ್ಕೆಲ್ಲ ವಿದಿತವಾಯಿತು.

ಶರಣಸಾಹಿತ್ಯದ ವಿಷಯದಲ್ಲಿ ಈ ಎಲ್ಲೆಯು ಇನ್ನೂ ಸೂಕ್ಷ್ಮವಾದುದು. ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಶ್ರಮದಿಂದ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಲಿಪಿಕಾರನ ಕೈತಪ್ಪನ್ನು ಹಲವು ಪ್ರತಿಗಳನ್ನು ಹೋಲಿಸಿ ತಿದ್ದುವುದು ಸಂಪಾದಕನ ಧರ್ಮ. ವಚನಕಾರನ ಮಾತನ್ನೇ ತಿದ್ದುವ ಅಧಿಕಾರವು ಅವನಿಗಿಲ್ಲ. ಬಸವಣ್ಣನವರ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂಬುದನ್ನಿರಿಸಿ ಮಾತೆ ಮಹಾದೇವಿಯವರು ಪ್ರಕಟಿಸಿದ ‘ಬಸವ ವಚನ ದೀಪ್ತಿ’ಯನ್ನು ಕರ್ನಾಟಕ ಸರ್ಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಗ್ರಂಥವನ್ನು ಮುಟ್ಟುಗೋಲು ಹಾಕುವುದು ಉಚಿತವೇ ಎಂಬಲ್ಲಿ ಪ್ರಾಜ್ಞರಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ಅಂಕಿತವು ಶರಣನು ತನ್ನ ಅನುಭಾವಕ್ಕೆ ತಾನೇ ಒತ್ತಿದ ಮುದ್ರೆ. ಭಕ್ತಿಯಿಂದಲೇ ಆಗಲಿ, ಅದನ್ನು ಬದಲಿಸಿದಲ್ಲಿ ಓದುವವನ ಮುಂದೆ ನಿಲ್ಲುವವನು ಬೇರೊಬ್ಬನಾಗುವನು.

ಉತ್ಸವದ ಈ ಸಂದರ್ಭದಲ್ಲಿ, ಮಠದ ಹಳೆಯ ಪದ್ಧತಿಗಳನ್ನು ತಿದ್ದಬೇಕೆಂಬ ಮಾತು ತರುಣರಿಂದಲೂ, ಯಾವುದನ್ನೂ ಮುಟ್ಟಲಾಗದೆಂಬ ಮಾತು ವೃದ್ಧರಿಂದಲೂ ಬರುವುದು ಸಹಜ. ವೃದ್ಧರು ಮರಳಿನ ಮೇಲಣ ಮಗುವಿನ ಕೈಯನ್ನು ನೆನೆಯಲಿ. ತಿದ್ದದ ಕೈಗೆ ಬರಹವು ಬಾರದು. ತರುಣರು ಚನ್ನಪಟ್ಟಣದ ಉಳಿಯನ್ನು ನೆನೆಯಲಿ. ಯಾವ ಮಠದಲ್ಲೇ ಆಗಲಿ, ದಾಸೋಹದ ಪಂಕ್ತಿಯಲ್ಲಿ ಜಾತಿಭೇದವು ನುಸುಳಿದ್ದರೆ ಅದನ್ನು ತಿದ್ದಲೇಬೇಕು. ಹೆಣ್ಣುಮಕ್ಕಳ ವಿದ್ಯೆಗೆ ಬಾಗಿಲು ಮುಚ್ಚಿದ್ದರೆ ಅದನ್ನು ತೆರೆಯಲೇಬೇಕು. ಇವು ಶರಣರು ಬರೆದಿಟ್ಟ ಅಕ್ಷರದಿಂದ ಕೈ ಜಾರಿದುದರ ಫಲ. ಪುನಃ ಆ ಅಕ್ಷರದ ಮೇಲೆಯೇ ಬೆರಳನ್ನಿಡುವುದು ಇವುಗಳ ತಿದ್ದುಪಡಿ. ಆದರೆ ವೆಚ್ಚವಾಗುವುದೆಂದು ದಾಸೋಹವನ್ನೇ ನಿಲ್ಲಿಸಿ, ಅದನ್ನು ಸುಧಾರಣೆಯೆಂದು ಕರೆದರೆ, ಅದು ಲೆಕ್ಕ ತಿದ್ದಿದವನ ಕೆಲಸವಾದೀತು.

ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಈ ಧಾತುವೇ ಬಂದು, ಅನ್ಯರನ್ನು ನೆಟ್ಟಗೆ ಮಾಡಹೊರಟವನನ್ನು ಅವನ ದೇಹ ಮನಸ್ಸುಗಳ ಕಡೆಗೇ ಹಿಂದಿರುಗಿಸುವುದು ಸರ್ವವಿದಿತ. ಮಠವು ಭಕ್ತರನ್ನು ತಿದ್ದುವ ಸ್ಥಾನವೆಂಬುದು ನಿಜ. ಭಕ್ತರ ಕಣ್ಣೆದುರಿಗೆ ತನ್ನನ್ನು ತಾನು ತಿದ್ದಿಕೊಳ್ಳುತ್ತಿರುವವರೆಗೆ ಮಾತ್ರ ಆ ಅಧಿಕಾರವು ಅದಕ್ಕೆ ಸಲ್ಲುವುದು.