ಮನೆಮಗನ ಮೇಲಿನ ಮುನಿಸು

ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ತವರಿನಲ್ಲಿ ಆಡುವಾಗ 1962ರಿಂದಲೂ ಟಿಕೆಟ್ ಉಳಿದದ್ದಿಲ್ಲ, ಸೋಲಿನ ವರ್ಷಗಳಲ್ಲೂ. 1997ರಲ್ಲಿ ಆ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ತಂದವರಲ್ಲಿ ಒಬ್ಬರಾದ ಸ್ಕಾಟ್ ಫ್ರಾಸ್ಟ್ ತರಬೇತುದಾರರಾಗಿ ಮರಳಿದಾಗ, ಮನೆಮಗ ಬಂದನೆಂದು ಜನ ಹಿಗ್ಗಿದರು. ಆದರೆ ಅವರ ಕಾಲದಲ್ಲಿ ತಂಡ ಗೆದ್ದದ್ದು 16 ಪಂದ್ಯ, ಸೋತದ್ದು 31. ಅದರಲ್ಲೂ ಕೈಗೆ ಬಂದ ಪಂದ್ಯಗಳು ಕೊನೆಗಳಿಗೆಯಲ್ಲಿ ಜಾರುತ್ತಿದ್ದವು. ಅಭಿಮಾನಿಗಳನ್ನು ಸುಟ್ಟದ್ದು ಅದೇ. 2022ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ಸದರ್ನ್ ತಂಡದ ಎದುರು ಸೋತ ಮರುದಿನವೇ ಫ್ರಾಸ್ಟ್ ಅವರನ್ನು ತೆಗೆದರು. ಮೂರು ವಾರ ಕಾದಿದ್ದರೆ ಅವರಿಗೆ ಕೊಡಬೇಕಿದ್ದ ಸುಮಾರು 1.5 ಕೋಟಿ ಡಾಲರ್ ಪರಿಹಾರ ಅರ್ಧಕ್ಕಿಳಿಯುತ್ತಿತ್ತು. ಕಾಯಲಿಲ್ಲ. ಅಭಿಮಾನಿಗಳ ಆ ಸಿಟ್ಟು ನ್ಯಾಯವಾದದ್ದೇ ಎಂದು ನನ್ನ ನಂಬಿಕೆ. ಅಷ್ಟು ವರ್ಷ ನಿಷ್ಠೆಯಿಂದ ಬಂದವರಿಗೆ ಕೇಳುವ ಹಕ್ಕಿದೆ. ಆದರೆ ಅದು ಆಡುವ ಇಪ್ಪತ್ತರ ಹುಡುಗರ ಮೇಲೆ ಸುರಿಯಬಾರದು. ಫ್ರಾಸ್ಟ್ ಹೋದ ಮೇಲಿನ ಶನಿವಾರ ಒಕ್ಲಹೋಮಾ ತಂಡದ ಎದುರು, ಹೊಸ ತರಬೇತುದಾರರಿದ್ದೂ, ಆ ಹುಡುಗರೇ 49-14ರಿಂದ ಸೋತರು.