ಮೀನಿನ ಶೈಶವವೂ ವಿಜ್ಞಾನಿಯ ಬಾಳೂ



ಮೆಲ್ಬರ್ನಿನಿಂದ ವೈದ್ಯರೊಬ್ಬರು ಸಿಡ್ನಿಗೆ ಬರುತ್ತಾರೆಂದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಉಪದೇಶ ತಪ್ಪಿದ್ದಲ್ಲವೆಂದು ತಾವು ಭಾವಿಸಿರಬಹುದು. ಇಂದು ಅದರಿಂದ ತಮಗೆ ಬಿಡುಗಡೆ. ನಾವು ಮಾತನಾಡಲಿರುವುದು ಮೀನಿನ ಮರಿಯನ್ನು ಕುರಿತು. ಅದರ ಅಧ್ಯಯನವನ್ನೇ ಬಾಳಿನ ಕಾಯಕವಾಗಿಸಿಕೊಂಡವರನ್ನು ಕುರಿತು.

ಮೊಟ್ಟೆಯೊಡೆದು ಹೊರಬಂದ ಎಳೆಯ ಮೀನನ್ನು ವಿಜ್ಞಾನಿಗಳು ಲಾರ್ವಾ ಎನ್ನುತ್ತಾರೆ. ಅನೇಕ ಕಡಲಮೀನುಗಳಲ್ಲಿ ಅದರ ಉದ್ದ ಕೆಲವೇ ಮಿಲಿಮೀಟರ್. ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ ಹೊಟ್ಟೆಗಂಟಿದ ಹಳದಿ ಚೀಲವೊಂದು ಕೆಲವು ದಿನ ಅದನ್ನು ಪೋಷಿಸುತ್ತದೆ. ಬುತ್ತಿ ತೀರುವುದರೊಳಗೆ ಪುಟ್ಟ ಬಾಯಿಗೆ ಹಿಡಿಸುವಂತಹ ಆಹಾರ ದೊರೆಯಬೇಕು, ದೊರೆಯದಿದ್ದರೆ ಸಾವು. ಆಯಾ ವರ್ಷದ ಮೀನಿನ ಬೆಳೆ ಹುಲುಸಾಗುವುದೂ ಬಡವಾಗುವುದೂ ಈ ಎಳೆಯ ದಿನಗಳನ್ನೇ ಅವಲಂಬಿಸಿದೆಯೆಂದು ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿಯೇ ವಾದಿಸಿದ್ದರು. ಆದುದರಿಂದ ಕಡಲಮೀನಿನ ಹ್ಯಾಚರಿಗಳಲ್ಲಿ ಮರಿಗಿಂತ ಮೊದಲು ಮರಿಯ ಆಹಾರವನ್ನು ಬೆಳೆಸುತ್ತಾರೆ: ಮೊದಲು ಸೂಕ್ಷ್ಮ ಪಾಚಿ, ಬಳಿಕ ಆ ಪಾಚಿಯನ್ನು ತಿನ್ನುವ ರೋಟಿಫರ್, ಅನಂತರ ಆರ್ಟೀಮಿಯಾ ಎಂಬ ಉಪ್ಪುನೀರಿನ ಜೀವಿಯ ಮರಿ. ನವಜಾತ ಶಿಶುಗಳ ವಾರ್ಡಿನಲ್ಲಿ ದುಡಿದವರಿಗೆ ಈ ಎಚ್ಚರದ ಪರಿಚಯ ಚೆನ್ನಾಗಿಯೇ ಇರುತ್ತದೆ.

ಆದರೆ ಮರಿಯಾಗಬೇಕಾದರೆ ಮೊದಲು ಮೊಟ್ಟೆ ಬೇಕಲ್ಲವೇ? ಕಟ್ಲಾ, ರೋಹು ಮೀನುಗಳು ಮಳೆಗಾಲದ ಹೊಳೆಯಲ್ಲಿ ಮೊಟ್ಟೆಯಿಡುತ್ತವೆ. ಕಟ್ಟಿದ ಕೆರೆಯಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ಹೀರಾಲಾಲ್ ಚೌಧುರಿಯವರು 1957ರ ಜುಲೈ 10ರಂದು ಒಡಿಶಾದಲ್ಲಿ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಪಡೆಯುವಲ್ಲಿ ಯಶಸ್ವಿಯಾದರು. ಭಾರತವು ಆ ದಿನವನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ. ನಮ್ಮ ಈ ರಾಜ್ಯದ ಗೋಲ್ಡನ್ ಪರ್ಚ್ ಮೀನಿನದೂ ಬಹುಮಟ್ಟಿಗೆ ಇದೇ ಸ್ವಭಾವ. ಅದಕ್ಕೆ ಸ್ಟುವರ್ಟ್ ರೋಲಂಡ್ ಅವರು 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಳಸಿದ್ದು, ಗರ್ಭಿಣಿಯರ ಮೂತ್ರದಲ್ಲಿ ದೊರೆಯುವ ಹಾರ್ಮೋನನ್ನು! ಮಕ್ಕಳಿಲ್ಲದ ದಂಪತಿಗಳ ಚಿಕಿತ್ಸೆಯಲ್ಲಿ ನಾವು ವೈದ್ಯರು ಬಳಸುವುದೂ ಅದನ್ನೇ.

ಗ್ರಂಥಿಯ ಸಾರವನ್ನು ಪಡೆಯಲು ಬೇರೆ ಮೀನುಗಳ ತಲೆಯೊಡೆಯಬೇಕಿತ್ತು; ಅದರ ಶಕ್ತಿಯೂ ಒಂದೇ ಸಮನಾಗಿರುತ್ತಿರಲಿಲ್ಲ. ಕೆನಡಾದ ರಿಚರ್ಡ್ ಪೀಟರ್, ಚೀನಾದ ಲಿನ್ ಹಾವ್‌ರಾನ್ ಇವರ ಸಂಶೋಧನೆಯಿಂದ ಸಿದ್ಧ ಔಷಧಿಯೊಂದು ಬಂದಿತು. ಅದರಲ್ಲಿರುವುದು ಒಂದು ಕೃತಕ ಹಾರ್ಮೋನು ಮತ್ತು ಡಾಂಪೆರಿಡೋನ್. ಎರಡನೆಯದು ವಾಂತಿಗೆಂದು ನಾವು ಬರೆದುಕೊಡುವ ಮಾತ್ರೆಯೇ. ಪಿಟ್ಯುಟರಿಯನ್ನು ತಡೆಹಿಡಿಯುವ ಡೋಪಮೈನಿನ ಅಡ್ಡಿಯನ್ನು ಅದು ತೆಗೆಯುತ್ತದೆ. ಇದನ್ನು ಭಾರತದ ಮೀನುಗಳ ಮೇಲೆ ಪರೀಕ್ಷಿಸಿದವರಲ್ಲಿ, 1969ರಲ್ಲಿ ಆರಂಭವಾದ ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಡಾ. ಎಂ. ಸಿ. ನಂದೀಶ ಮತ್ತು ಅವರ ಸಹೋದ್ಯೋಗಿಗಳು ಪ್ರಮುಖರು. ನಂದೀಶರು ಪ್ರಯೋಗಾಲಯದಲ್ಲಿಯೇ ಉಳಿಯಲಿಲ್ಲ. ಕಾಂಬೋಡಿಯಾ, ಬಾಂಗ್ಲಾದೇಶಗಳ ಸಣ್ಣ ಕೃಷಿಕರ ನಡುವೆ ದುಡಿದರು. ಮೀನುಗಾರಿಕೆಯಲ್ಲಿ ಹೆಂಗಸರ ದುಡಿಮೆಗೆ ಮನ್ನಣೆ ದೊರೆಯಬೇಕೆಂದು ಶ್ರಮಿಸಿದರು. 2012ರಲ್ಲಿ ಅವರು ತೀರಿಕೊಂಡರು.

ಇನ್ನು ಈ ಸಿಡ್ನಿಯ ಮಾತು. ಇಲ್ಲಿನ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿನಲ್ಲಿ ದೀರ್ಘಕಾಲ ದುಡಿದ ಜೆಫ್ರಿ ಲೀಸ್ ಅವರು ಹವಾಯಿಯಲ್ಲಿ ಡಾಕ್ಟರೇಟ್ ಪಡೆದು ಇಲ್ಲಿಗೆ ಬಂದವರು. ಲಾರ್ವಾ ಎಂದರೆ ಪ್ರವಾಹ ಒಯ್ದತ್ತ ತೇಲುವ ಕಸಕಡ್ಡಿಯೆಂದೇ ಬಹುಕಾಲ ತಿಳಿಯಲಾಗಿತ್ತು. ಲೀಸ್ ಮತ್ತು ಸಂಗಡಿಗರು ಲಿಜರ್ಡ್ ದ್ವೀಪದ ಬಳಿ, ಹವಳದ ದಿಬ್ಬ ಸೇರುವ ವಯಸ್ಸಿನ ಲಾರ್ವಾಗಳನ್ನು ತೆರೆದ ಕಡಲಿನಲ್ಲಿ ಒಂದೊಂದಾಗಿ ಬಿಟ್ಟು, ದಿಕ್ಸೂಚಿ ಹಿಡಿದು ಅವುಗಳ ಹಿಂದೆಯೇ ಈಜಿದರು. ಬೆರಳುಗುರಿನಷ್ಟು ಪುಟ್ಟ ಮರಿಗಳು ಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ವೇಗದಲ್ಲಿ, ಅವುಗಳಲ್ಲಿ ಬಹಳಷ್ಟು ಒಂದು ದಿಕ್ಕನ್ನೇ ಹಿಡಿದು ಸಾಗಿದವು. ಯಾವ ದಿಬ್ಬದ ಮರಿ ಯಾವ ದಿಬ್ಬ ಸೇರುತ್ತದೆಂಬ ಲೆಕ್ಕವೇ ಇದರಿಂದ ಬದಲಾಯಿತು. ಕಡಲಿನ ಯಾವ ಭಾಗವನ್ನು ಸಂರಕ್ಷಿಸಬೇಕೆಂಬ ತೀರ್ಮಾನಕ್ಕೆ ಆ ಲೆಕ್ಕವೇ ಆಧಾರ.

ಬಂಧುಗಳೇ, ಇದನ್ನೆಲ್ಲ ಹೇಳುವುದಕ್ಕೆ ಕಾರಣವುಂಟು. ನಮ್ಮ ಮನೆಗಳಲ್ಲಿ ಹನ್ನೆರಡನೆಯ ತರಗತಿಯ ಅಂಕ ಬಂದೊಡನೆ ವೈದ್ಯಕೀಯ, ಇಲ್ಲವಾದರೆ ಎಂಜಿನಿಯರಿಂಗ್ ಎಂಬ ಎರಡೇ ಬಾಗಿಲುಗಳು ಕಾಣಿಸುತ್ತವೆ. ಮಗಳೊಬ್ಬಳು "ನಾನು ಮೀನನ್ನು ಕುರಿತು ಓದುತ್ತೇನೆ" ಎಂದರೆ ಊಟದ ಮೇಜಿನಲ್ಲಿ ಮೌನ ಕವಿಯುತ್ತದೆ. ಆ ಹಾದಿಯಲ್ಲಿ ಸಂಬಳ ಕಡಿಮೆ, ಅನುದಾನ ಅನಿಶ್ಚಿತ. ಈ ಕಷ್ಟವನ್ನು ನಾವು ಮರೆಮಾಚುವುದಿಲ್ಲ. ಆದರೆ ನಾವು ವೈದ್ಯರು ಒಬ್ಬೊಬ್ಬ ರೋಗಿಯನ್ನೇ ನೋಡುತ್ತೇವೆ. ಹ್ಯಾಚರಿಯಲ್ಲಿ ಸರಿಯಾಗಿ ಕಂಡುಕೊಂಡ ಒಂದು ಸತ್ಯವು ಎಷ್ಟೋ ಊರುಗಳ ಕೆರೆಗಳನ್ನು ತುಂಬಿಸುತ್ತದೆ. ಅಂತಹ ಮಗಳು ತಮ್ಮ ಮನೆಯಲ್ಲಿದ್ದರೆ ಬೇಡವೆನ್ನುವ ಮುನ್ನ ಒಮ್ಮೆ ಅವಳ ಮಾತನ್ನು ಪೂರ್ತಿ ಕೇಳಿರೆಂದು ನಮ್ಮ ವಿನಂತಿ.