ವಾದ ಬೇಕು, ವಿತಂಡ ಬೇಡ



‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಕಷ್ಟ ಉಂಡವನೇ ಈ ಗಾದೆಯನ್ನು ಕಟ್ಟಿರಬೇಕು. ಬದುವಿನ ಒಂದು ಗೇಣು ನೆಲಕ್ಕಾಗಿ ಎರಡು ಎಕರೆ ಹೊಲ ಮಾರಿಕೊಂಡವರು ನಮ್ಮ ಊರುಗಳಲ್ಲಿ ಇದ್ದಾರೆ. ಹೀಗಾಗಿ ವಾದವೆಂದರೆ ಜಗಳ, ವಕೀಲನೆಂದರೆ ಖರ್ಚು, ಚರ್ಚೆಯೆಂದರೆ ಕಾಲಹರಣ ಎಂದು ನಮ್ಮ ಜನ ತಿಳಿದುಬಿಟ್ಟಿದ್ದಾರೆ. ‘ಬುದ್ಧೀ, ವಾದ ಏತಕ್ಕೆ? ತಾವು ಒಂದು ಮಾತು ಅಪ್ಪಣೆ ಕೊಡಿಸಿರಿ, ಮುಗಿದುಹೋಗಲಿ’ ಎಂದು ಮಠಕ್ಕೆ ಬಂದು ಕೇಳುವವರೂ ಉಂಟು. ಇಂದು ಈ ಮಾತನ್ನೇ ತುಸು ವಿಚಾರ ಮಾಡೋಣ.

ಒಂದು ಮಾತಿನಲ್ಲಿ ಮುಗಿಸುವುದು ಸುಲಭ. ಆದರೆ ಒಬ್ಬನ ಮಾತನ್ನಷ್ಟೇ ಕೇಳಿ ಕೊಟ್ಟ ತೀರ್ಪು ಒಂದೇ ತಟ್ಟೆಯ ತಕ್ಕಡಿ ಇದ್ದಂತೆ. ಅದು ತೂಗುವುದಿಲ್ಲ, ಒಂದು ಕಡೆಗೆ ಬಾಗುತ್ತದೆ, ಅಷ್ಟೆ. ಇನ್ನೊಂದು ತಟ್ಟೆಯನ್ನು ಕಟ್ಟುವ ಕೆಲಸವೇ ವಾದ.

ನಮ್ಮ ಹಿರಿಯರು ವಾದವನ್ನು ಜಗಳವೆಂದು ಎಣಿಸಲಿಲ್ಲ. ಅದನ್ನು ಒಂದು ಶಾಸ್ತ್ರವನ್ನಾಗಿ ಮಾಡಿದರು. ಗೌತಮನ ನ್ಯಾಯಸೂತ್ರದಲ್ಲಿ ಚರ್ಚೆಗೆ ಮೂರು ಹೆಸರುಗಳಿವೆ: ವಾದ, ಜಲ್ಪ, ವಿತಂಡ. ಸತ್ಯ ಯಾವುದೆಂದು ತಿಳಿಯಲು ಇಬ್ಬರೂ ಕೂಡಿ ಹುಡುಕಿದರೆ ಅದು ವಾದ. ಸತ್ಯ ಏನಾದರೂ ಆಗಲಿ, ನಾನು ಗೆಲ್ಲಬೇಕು ಎಂದು ಹೊರಟರೆ ಅದು ಜಲ್ಪ. ತನ್ನದೆಂದು ಯಾವ ನಿಲುವನ್ನೂ ಇಡದೆ, ಎದುರಿನವನದನ್ನು ಕೆಡವುವುದೇ ಗುರಿಯಾದರೆ ಅದು ವಿತಂಡ. ಮಾತು ಒಂದೇ, ನಾಲಿಗೆ ಒಂದೇ. ಮನಸ್ಸು ಬೇರೆಯಾದಾಗ ಫಲವೂ ಬೇರೆಯಾಗುತ್ತದೆ. ಮತ್ತೊಂದು ನಿಯಮವಿತ್ತು. ನಿಮ್ಮ ಸಿದ್ಧಾಂತವನ್ನು ಹೇಳುವ ಮೊದಲು ಎದುರಿನವನ ಪೂರ್ವಪಕ್ಷವನ್ನು ಸರಿಯಾಗಿ ಹೇಳಿ ತೋರಿಸಬೇಕು. ಅವನ ಮಾತು ತಿಳಿಯದೆ ಅವನನ್ನು ಖಂಡಿಸುವ ಅಧಿಕಾರ ನಿಮಗಿಲ್ಲ.

ಕಲ್ಯಾಣದ ಶರಣರು ಈ ವಾದವನ್ನು ಪಂಡಿತರ ಸಭೆಯಿಂದ ಹೊರಗೆ ತಂದರು. ಶೂನ್ಯಸಂಪಾದನೆಯನ್ನು ತೆರೆದು ನೋಡಿರಿ, ಅದು ಉದ್ದಕ್ಕೂ ಸಂವಾದವೇ. ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಕಟುವಾಗಿಯೇ ಪ್ರಶ್ನಿಸುತ್ತಾರೆ. ಅಕ್ಕ ತಲೆ ತಗ್ಗಿಸಿ ಸುಮ್ಮನಿರುವುದಿಲ್ಲ, ಉತ್ತರ ಕೊಡುತ್ತಾಳೆ. ಪ್ರಭುಗಳು ಆ ಉತ್ತರಕ್ಕೆ ಮಣಿಯುತ್ತಾರೆ. ಪೀಠದಲ್ಲಿದ್ದವರು ಮಣಿದುದರಿಂದ ಪೀಠ ಸಣ್ಣದಾಗಲಿಲ್ಲ.

ಈಗ ನಮ್ಮ ಕಾಲದ ಎರಡು ವ್ಯಾಜ್ಯಗಳನ್ನು ನೋಡೋಣ.

ಕಾಸರಗೋಡಿನ ಬಳಿ ಎಡನೀರು ಎಂಬಲ್ಲಿ ಒಂದು ಮಠವಿದೆ. ಆ ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು, ಕೇರಳದ ಭೂಸುಧಾರಣೆಯ ಕಾನೂನು ಮಠದ ಜಮೀನನ್ನು ಮುಟ್ಟಿದಾಗ, 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಉಳುವವನಿಗೆ ಭೂಮಿ ಸಿಗಬೇಕೆಂಬುದು ನ್ಯಾಯದ ಮಾತೇ; ಆ ಕಡೆಯಲ್ಲೂ ಧರ್ಮವಿತ್ತು. ಆದರೆ ಪ್ರಶ್ನೆ ಬೆಳೆಯುತ್ತ ಹೋಗಿ, ಪಾರ್ಲಿಮೆಂಟು ಸಂವಿಧಾನವನ್ನು ಎಲ್ಲಿಯವರೆಗೆ ತಿದ್ದಬಹುದು ಎಂಬಲ್ಲಿಗೆ ಬಂದು ನಿಂತಿತು. 13 ಜನ ನ್ಯಾಯಾಧೀಶರು ಕುಳಿತು 68 ದಿನ ವಾದ ಕೇಳಿದರು. ಸ್ವಾಮಿಗಳ ಕಡೆ ನಾನಿ ಪಾಲ್ಖೀವಾಲಾ, ಕೇರಳದ ಕಡೆ ಎಚ್. ಎಂ. ಸೀರವಾಯಿ, ಇಬ್ಬರೂ ದೊಡ್ಡ ಕಾನೂನು ಪಂಡಿತರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ನಿರ್ಣಯವಾಯಿತು. ಕೇರಳದ ಆ ಕಾನೂನುಗಳಿಗೆ ರಕ್ಷಣೆ ಕೊಟ್ಟ ತಿದ್ದುಪಡಿ ಮಾತ್ರ ಉಳಿದುಕೊಂಡಿತು. ಮಠ ಬೇಡಿದ್ದು ಮಠಕ್ಕೆ ದೊರೆಯಲಿಲ್ಲ. ಆದರೆ ದೇಶಕ್ಕೆ ಬೇಕಾದದ್ದು ದೇಶಕ್ಕೆ ದೊರೆಯಿತು. ಅರ್ಧ ದಿನದಲ್ಲಿ ವಾದ ಮುಗಿಸಿದ್ದರೆ ಇದು ಹೊರಗೆ ಬರುತ್ತಿತ್ತೇ?

ಎರಡನೆಯದು ತುರ್ತುಪರಿಸ್ಥಿತಿಯ ಕಾಲದ್ದು. 1975ರಲ್ಲಿ ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟರು. ನಮ್ಮ ಬೆಂಗಳೂರಿನ ಸೆರೆಮನೆಯಲ್ಲೂ ದೇಶದ ದೊಡ್ಡ ನಾಯಕರಿದ್ದರು. ‘ನಮ್ಮನ್ನು ಏಕೆ ಹಿಡಿದಿದ್ದೀರಿ?’ ಎಂದು ಕೋರ್ಟಿನಲ್ಲಿ ಕೇಳುವ ಹಕ್ಕಾದರೂ ಇದೆಯೇ ಎಂಬುದೇ ಪ್ರಶ್ನೆ. ಇದೆ ಎಂದು ಕರ್ನಾಟಕದ್ದೂ ಸೇರಿ ಹಲವು ಹೈಕೋರ್ಟುಗಳು ಹೇಳಿದವು. ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಸರಕಾರದ ವಕೀಲರನ್ನು ಒಂದು ಸರಳ ಪ್ರಶ್ನೆ ಕೇಳಿದರು: ಒಬ್ಬ ಪೊಲೀಸ್ ಅಧಿಕಾರಿ ತನ್ನ ಹಗೆಗಾಗಿ ಒಬ್ಬನನ್ನು ಕೊಂದೇಬಿಟ್ಟರೂ ಪರಿಹಾರವಿಲ್ಲವೇ? ತಮ್ಮ ವಾದವನ್ನು ಒಪ್ಪಿದರೆ ಇಲ್ಲವೆಂದೇ ಹೇಳಬೇಕಾಗುತ್ತದೆ ಎಂದು ವಕೀಲರು ಒಪ್ಪಿಕೊಂಡರು.

ವಾದದ ಶಕ್ತಿ ಇಲ್ಲಿದೆ, ಬಂಧುಗಳೇ. ಶಿಸ್ತು, ದೇಶದ ಹಿತ ಎಂಬ ಚೆಂದದ ಮಾತುಗಳ ಒಳಗೆ ಏನು ಅಡಗಿತ್ತೆಂಬುದನ್ನು ಒಂದು ಪ್ರಶ್ನೆ ಬಯಲಿಗೆಳೆಯಿತು. ಆದರೂ 1976ರ ಏಪ್ರಿಲ್ 28ರಂದು ನಾಲ್ವರು ಸರಕಾರದ ಕಡೆ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಮುಖ್ಯ ನ್ಯಾಯಾಧೀಶರ ಸ್ಥಾನ ಅವರನ್ನು ದಾಟಿ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟು ಮನೆಗೆ ನಡೆದರು. ಆ ದಿನ ಅವರು ಸೋತರೆಂದೇ ಲೋಕ ಎಣಿಸಿರಬೇಕು. ಆದರೆ 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ, 9 ಜನ ನ್ಯಾಯಾಧೀಶರ ಪೀಠ 1976ರ ಆ ತೀರ್ಪನ್ನು ತಳ್ಳಿಹಾಕಿತು. ಖನ್ನಾ ಅವರ ಮಾತೇ ಸರಿಯೆಂದಾಯಿತು. 41 ವರ್ಷ ನೆಲದೊಳಗಿದ್ದ ಬೀಜ ಮೊಳೆಯಿತು. ಅವರು ಅಂದು ಬರೆದಿಡದೆ ಸುಮ್ಮನಿದ್ದಿದ್ದರೆ ಮೊಳೆಯಲು ಬೀಜವೇ ಇರುತ್ತಿರಲಿಲ್ಲ.

ಇಂದು ವಾದಕ್ಕೆ ಬರಗಾಲವಿಲ್ಲ ಎನ್ನುತ್ತೀರಿ. ಟೀವಿಯಲ್ಲಿ ದಿನವೂ ವಾದ, ಕೈಯಲ್ಲಿನ ಮೊಬೈಲಿನಲ್ಲೂ ವಾದ. ನಿಜ, ಗದ್ದಲಕ್ಕೆ ಬರವಿಲ್ಲ. ಆದರೆ ಹತ್ತು ಜನ ಒಮ್ಮೆಲೇ ಕೂಗಿದರೆ ಅದು ವಾದವಾಗುವುದಿಲ್ಲ, ಏಕೆಂದರೆ ಅಲ್ಲಿ ಕೇಳುವವನೇ ಇಲ್ಲ. ಶಾಸನಸಭೆಯಲ್ಲಿ ಗದ್ದಲದ ನಡುವೆ ಚರ್ಚೆಯಿಲ್ಲದೆ ಮಸೂದೆ ಪಾಸಾದರೆ ಆಳುವವರು, ಗದ್ದಲ ಮಾಡಿದವರು ಇಬ್ಬರೂ ಹೊಣೆಗಾರರು. ಅದರ ಭಾರ ಬೀಳುವುದು ಹೊಲದಲ್ಲಿ ದುಡಿಯುವವನ ಮೇಲೆ.

ಆದುದರಿಂದ ಭಕ್ತರಿಗೆ ನಾವು ಹೇಳುವುದು ಇಷ್ಟು. ನಿಮ್ಮೂರಿನ ಗ್ರಾಮಸಭೆಗೆ ಹೋಗಿರಿ. ಹೋಗಿ ಹಿಂದೆ ಕುಳಿತು ಹಾಜರಿಗೆ ಸಹಿ ಮಾಡಿ ಬರಬೇಡಿರಿ, ಲೆಕ್ಕ ಕೇಳಿರಿ. ಕೇಳುವಾಗ ಮನುಷ್ಯನನ್ನು ಹಳಿಯಬೇಡಿರಿ, ಕೆಲಸವನ್ನು ವಿಚಾರಿಸಿರಿ. ಎದುರಿನವನ ಮಾತು ಸರಿಯೆಂದು ಕಂಡರೆ ಸಭೆಯಲ್ಲೇ ಒಪ್ಪಿಕೊಳ್ಳಿರಿ. ಮನೆಯಲ್ಲಿ ಹೆಣ್ಣುಮಗಳು ‘ಏಕೆ?’ ಎಂದರೆ ಗದರಬೇಡಿರಿ. ಮನೆಯಲ್ಲಿ ಬಾಯಿ ಮುಚ್ಚಿಸಿಕೊಂಡ ಮಗು ಊರಲ್ಲಿ ಬಾಯಿ ತೆರೆಯುವುದಿಲ್ಲ.

ಮಠಕ್ಕೂ ಇದೇ ಕಟ್ಟಳೆ. ವ್ಯಾಜ್ಯ ಹೊತ್ತು ಇಲ್ಲಿಗೆ ಬರುವವರು ಎದುರು ಪಕ್ಷದವರನ್ನೂ ಕರೆದುಕೊಂಡೇ ಬನ್ನಿರಿ. ಇಬ್ಬರನ್ನೂ ಕೂರಿಸಿ ಕೇಳದೆ ನಾವು ಅಪ್ಪಣೆ ಕೊಡುವುದಿಲ್ಲ. ಮಠದ ಕೆಲಸದಲ್ಲಿ ನಿಮಗೆ ಸಂಶಯ ಬಂದರೆ ಜಗುಲಿಯ ಮೇಲೆ ಪಿಸುಗುಟ್ಟಬೇಡಿರಿ, ಈ ಸಭೆಯಲ್ಲೇ ಎದ್ದು ಕೇಳಿರಿ. ಉತ್ತರ ಕೊಡುವುದು ನಮ್ಮ ಕಾಯಕ. ಭಕ್ತಿಯೆಂದರೆ ಬುದ್ಧಿಯನ್ನು ಬಾಗಿಲಲ್ಲಿ ಪಾದರಕ್ಷೆಯ ಜೊತೆ ಬಿಟ್ಟು ಬರುವುದಲ್ಲ.

ನಿಮ್ಮೆಲ್ಲರಿಗೂ ಸತ್ಯವನ್ನು ಆಡುವ ಧೈರ್ಯವನ್ನೂ, ಅನ್ಯರ ಸತ್ಯವನ್ನು ಕೇಳುವ ತಾಳ್ಮೆಯನ್ನೂ ಶಿವನು ಕರುಣಿಸಲಿ.